ಕಣಜ ಕುಟುಕಿದ ಕೈಯೊಳಗಿನ ಕಣಜಗಳು

ಜನವರಿ ತಿಂಗಳು. ಕೊಡಗಿನ ಅಮ್ಮತ್ತಿಯ ಕಡೆ ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಗಿ ನಡೆದಿತ್ತು. ನಮ್ಮ ತೋಟಕ್ಕೆ ಹಲವು ವರ್ಷಗಳಿಂದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಕೊಂಬೆ ಬಾಗಿಸಿ ಹಣ್ಣು ಉದುರಿಸುತ್ತಿದ್ದವರು ಥಟ್ಟನೆ ಕೈ ಕೊಡವಿದರು. ಎಲೆಯ ಅಡಿಯಲ್ಲಿ ಕಣಜದ ಗೂಡಿತ್ತು. ಒಂದೇ ಹುಳ, ಒಂದೇ ಕುಟುಕು, ಬಲಗೈಯ ಹಿಂಬದಿಯಲ್ಲಿ. ಅವರು ಗಲಾಟೆ ಮಾಡಲಿಲ್ಲ. ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತರು. ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಯ ಸುತ್ತ ಚರ್ಮ ನಾವು ನೋಡುತ್ತಿದ್ದಂತೆಯೇ ಬಿಳಿಚಿಕೊಂಡು ಉಬ್ಬಿತು, ಅದರಾಚೆ ಕೆಂಪು ಹರಡಿತು. ಸ್ವಲ್ಪ ಹೊತ್ತಿಗೆ ಬೆರಳುಗಳ ಗೆಣ್ಣಿನ ನಡುವಿನ ಗುಳಿಗಳೇ ಮುಚ್ಚಿಹೋಗಿ, ಬಳೆ ಬಿಗಿಯಾಯಿತು.

“ಇಷ್ಟು ಚಿಕ್ಕ ಹುಳದ ಹೊಟ್ಟೆಯಲ್ಲಿ ಇಷ್ಟೊಂದು ಊದಿಸುವಷ್ಟು ವಿಷ ಹಿಡಿಸುತ್ತದೆಯೇ ಅಮ್ಮ?” ಎಂದು ಅವರು ಕೇಳಿದರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಇಷ್ಟು ನೇರವಾದ, ಇಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಬಂದದ್ದು ಕಡಿಮೆ. ಹಿಡಿಸುವುದಿಲ್ಲ ಎಂಬುದೇ ಉತ್ತರ. ಕಣಜ ಒಳಗೆ ಬಿಟ್ಟದ್ದು ಒಂದು ಹನಿಗಿಂತಲೂ ಬಹಳ ಕಡಿಮೆ. ನೋವಿಗೆ ಆ ವಿಷವೇ ಕಾರಣ. ಆದರೆ ಊತಕ್ಕೆ ಬೇಕಾದ ಸರಕಿನ ಬಹುಪಾಲು ಅವರ ಕೈಯಲ್ಲೇ ಇತ್ತು, ಕುಟುಕುವ ಮೊದಲೇ ಇತ್ತು. ಚರ್ಮದ ಕೆಳಗೆ, ರಕ್ತನಾಳಗಳ ಪಕ್ಕದಲ್ಲಿ, ಸಾವಿರಾರು ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟುಕೊಂಡು ಕಾಯುತ್ತಿತ್ತು. ಕನ್ನಡದಲ್ಲಿ ಕುಟುಕುವ ಹುಳಕ್ಕೂ ಕಾಳು ತುಂಬಿಡುವ ಉಗ್ರಾಣಕ್ಕೂ ಕಣಜ ಎಂಬ ಒಂದೇ ಹೆಸರಿರುವುದು ನನಗೆ ಅಂದು ಹೊಸದಾಗಿ ಹೊಳೆಯಿತು. ಒಂದು ಕಣಜ ಬಂದು ಇನ್ನೊಂದು ಕಣಜದ ಬಾಗಿಲು ತೆರೆಸಿತ್ತು.

ಆ ಉಗ್ರಾಣದ ಹೆಸರು ಮಾಸ್ಟ್ ಕೋಶ. 1878ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗೆ ಕಾಳು ಕಾಳಾಗಿ ತುಂಬಿಕೊಂಡ ಈ ಕೋಶಗಳಿಗೆ ಆ ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ಮಾಸ್ಟ್ ಎಂದರೆ ದನಕರುಗಳನ್ನು ಕೊಬ್ಬಿಸಲು ಹಾಕುವ ಮೇವು. ಚೆನ್ನಾಗಿ ತಿಂದು ದಪ್ಪಗಾದ ಕೋಶಗಳು ಇವು ಎಂದು ಅವರು ಭಾವಿಸಿದ್ದರು. ಆದರೆ ಆ ಕಾಳುಗಳು ಕೋಶ ತಿಂದ ಆಹಾರವಲ್ಲ, ಹೊರಗೆ ಕೊಡಲೆಂದು ತಾನೇ ತಯಾರಿಸಿ ಕಟ್ಟಿಟ್ಟ ಸರಕು. ಅದರಲ್ಲಿ ಮುಖ್ಯವಾದದ್ದು ಹಿಸ್ಟಮಿನ್. ಅದು ಹೊರಬಂದೊಡನೆ ಅಕ್ಕಪಕ್ಕದ ಕಿರು ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಕೈ ಊದಿಸಿದ ನೀರು ಎಲ್ಲಿಂದ ಬಂತು ಎಂದರೆ ಅಲ್ಲಿಂದ, ಅವರದೇ ರಕ್ತದಿಂದ.

ಇಂಥ ಚೀಲಗಳಿಗೆ ಜೀವಶಾಸ್ತ್ರದಲ್ಲಿ ವೆಸಿಕಲ್ ಎನ್ನುತ್ತಾರೆ. ನಾನು ಪಾಠದಲ್ಲಿ ಕಿರುಚೀಲ ಎನ್ನುತ್ತೇನೆ, ಇಲ್ಲೂ ಹಾಗೆಯೇ ಕರೆಯುತ್ತೇನೆ. ನಮ್ಮ ದೇಹದ ಬಹುತೇಕ ಎಲ್ಲ ಬಗೆಯ ಜೀವಕೋಶಗಳಲ್ಲೂ, ಕಾಫಿ ಗಿಡದ ಕೋಶದಲ್ಲೂ, ಹಿಟ್ಟು ಹುದುಗಿಸುವ ಯೀಸ್ಟ್‌ನಲ್ಲೂ ಇವು ಇವೆ. ಗಾತ್ರ ಬೇರೆ ಬೇರೆ. ನರದ ತುದಿಯಲ್ಲಿರುವವು ಸುಮಾರು 40 ನ್ಯಾನೋಮೀಟರ್ ಅಡ್ಡಗಲದವು. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಸಾಲಾಗಿ ಇಟ್ಟರೆ ಸುಮಾರು ಎರಡು ಸಾವಿರ ಹಿಡಿಸುತ್ತವೆ. ಇನ್ಸುಲಿನ್ ತುಂಬಿದವು ಅದರ ಏಳೆಂಟು ಪಟ್ಟು ದೊಡ್ಡವು. ಮಾಸ್ಟ್ ಕೋಶದವು ಇನ್ನೂ ದೊಡ್ಡವು. ಹಾಗಾಗಿಯೇ ಎರ್ಲಿಕ್ ಕಾಲದ ಸೂಕ್ಷ್ಮದರ್ಶಕಕ್ಕೂ ಅವು ಸಿಕ್ಕವು.

ಚೀಲವೇ ಏಕೆ ಬೇಕು? ಉತ್ತರ ಆ ಅಕ್ಕನ ಎಲೆಯಡಿಕೆ ಚೀಲದಲ್ಲಿದೆ. ವೀಳ್ಯದೆಲೆ ಒಂದು ಪದರದಲ್ಲಿ, ಅಡಿಕೆ ಇನ್ನೊಂದರಲ್ಲಿ, ಸುಣ್ಣ ಮಾತ್ರ ಮುಚ್ಚಳವಿರುವ ಡಬ್ಬಿಯಲ್ಲಿ. ಸುಣ್ಣ ಸೋರಿದರೆ ಎಲೆ ಸುಡುತ್ತದೆ, ಬಟ್ಟೆ ಹಾಳಾಗುತ್ತದೆ. ಮೂರೂ ಬಾಯಿಯಲ್ಲಿ ಸೇರಿದಾಗಲೇ ಕೆಂಪು ಏಳಬೇಕು. ಜೀವಕೋಶಕ್ಕೂ ಇದೇ ಕಷ್ಟ. ನಮ್ಮ ಮೇದೋಜ್ಜೀರಕ ಗ್ರಂಥಿ ಮಾಂಸವನ್ನು ಜೀರ್ಣಿಸುವ ಕಿಣ್ವಗಳನ್ನು ತಯಾರಿಸುತ್ತದೆ. ಆ ಗ್ರಂಥಿಯೂ ಮಾಂಸವೇ. ಕಿಣ್ವ ಒಳಗೇ ಬಿಚ್ಚಿಕೊಂಡರೆ ತನ್ನನ್ನೇ ತಿಂದುಹಾಕುತ್ತದೆ. ಆದ್ದರಿಂದ ಅದು ಕಿಣ್ವವನ್ನು ಕೆಲಸ ಮಾಡದ ಅರೆರೂಪದಲ್ಲಿ ತಯಾರಿಸಿ, ಅದನ್ನೂ ಚೀಲದಲ್ಲಿ ಕಟ್ಟಿಡುತ್ತದೆ. ಚೀಲ ತೆರೆಯುವುದು ಸಣ್ಣ ಕರುಳಿಗೆ ಹೋಗುವ ನಾಳದೊಳಕ್ಕೆ. ಕರುಳನ್ನು ತಲುಪಿದ ಮೇಲೆಯೇ ಆ ಅರೆರೂಪ ಕೆಲಸ ಮಾಡುವ ಕಿಣ್ವವಾಗುತ್ತದೆ. ಕಾಫಿ ಗಿಡವೂ ತಾನು ತಯಾರಿಸಿದ ಕೆಫೀನನ್ನು ಕೋಶದೊಳಗೆ ಸುಮ್ಮನೆ ಹರಿಯಲು ಬಿಡುವುದಿಲ್ಲ. ರಸದಾನಿ ಎಂಬ ದೊಡ್ಡ ಚೀಲದಲ್ಲಿ, ಕ್ಲೋರೋಜೆನಿಕ್ ಆಮ್ಲದ ಜೊತೆ ಜೋಡಿಸಿ ಕೂಡಿಹಾಕುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನ ವಿದ್ಯಾರ್ಥಿಗಳು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕಿರುಚೀಲದ ಒಳಗಿರುವ ವಸ್ತು ಕೋಶದ ಒಳಗಿದೆಯೇ? ನೋಡಲು ಹೌದು. ಆದರೆ ನಡುವೆ ತೆರೆದ ಅಂಗಳವಿರುವ ಹಳೆಯ ಐನ್‌ಮನೆಯನ್ನು ನೆನಪಿಸಿಕೊಳ್ಳಿ. ಮುಂಬಾಗಿಲು ದಾಟಿ, ಜಗಲಿ ದಾಟಿ, ಮನೆಯ ನಟ್ಟನಡುವೆ ಬಂದು ನಿಂತಿದ್ದೀರಿ. ನಾಲ್ಕೂ ಸುತ್ತ ಮನೆ ಇದೆ. ಆದರೆ ತಲೆಯ ಮೇಲೆ ಆಕಾಶ, ಮಳೆ ಬಂದರೆ ನೆನೆಯುತ್ತೀರಿ. ಮನೆಯ ನಡುವೆ ಇದ್ದರೂ ನೀವು ನಿಂತಿರುವುದು ಹೊರಗೆ. ಕಿರುಚೀಲದ ಒಡಲು ಅಂಥ ಅಂಗಳ. ಅದರೊಳಗಿನ ಹಿಸ್ಟಮಿನ್ ಅಥವಾ ಇನ್ಸುಲಿನ್ ಕೋಶದ ಒಳರಸವನ್ನು ಮುಟ್ಟುವುದೇ ಇಲ್ಲ. ಚೀಲದ ಪೊರೆ ಕೋಶದ ಹೊರಪೊರೆಯೊಂದಿಗೆ ಕೂಡಿಕೊಂಡಾಗ ಅಂಗಳದ ಗೋಡೆ ಬೀದಿಯ ಕಡೆಗೆ ತೆರೆದುಕೊಂಡಂತಾಗುತ್ತದೆ. ಸರಕು ಹೊರಬಿತ್ತು, ಆದರೆ ಯಾವ ಗೋಡೆಯೂ ಒಡೆಯಲಿಲ್ಲ, ಯಾವ ಕ್ಷಣದಲ್ಲೂ ಕೋಶಕ್ಕೆ ತೂತು ಬೀಳಲಿಲ್ಲ. ಕೋಶ ಸಿಡಿದು ಸರಕು ಹೊರಬರುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಸಿಡಿಯುವುದಿಲ್ಲ. ಬೆಸೆದುಕೊಳ್ಳುತ್ತದೆ.

ಬೆಸೆಯಲು ಸಾಧ್ಯವಾಗುವುದು ಎರಡೂ ಪೊರೆಗಳು ಕೊಬ್ಬಿನಂಥ ಅಣುಗಳ ಎರಡು ಪದರದಿಂದ ಆಗಿರುವುದರಿಂದ. ಸುಮಾರು 5 ನ್ಯಾನೋಮೀಟರ್ ದಪ್ಪದ ಆ ಪೊರೆ ಗಟ್ಟಿ ಗೋಡೆಯಲ್ಲ, ಎಣ್ಣೆಯಂತೆ ಹರಿದಾಡುವ ಹಾಳೆ. ಪಂದಿಕರಿಯ ಮೇಲೆ ತೇಲುವ ಎರಡು ಎಣ್ಣೆಹನಿಗಳನ್ನು ಸೌಟಿನಿಂದ ಹತ್ತಿರ ತಂದರೆ ಫಕ್ಕನೆ ಒಂದಾಗುವುದನ್ನು ನೋಡಿದ್ದೀರಲ್ಲವೇ? ಆದರೆ ಪೊರೆಗಳು ಅಷ್ಟು ಸುಲಭಕ್ಕೆ ಒಂದಾಗುವುದಿಲ್ಲ. ಅವುಗಳ ಹೊರಮೈ ನೀರನ್ನು ಅಂಟಿಸಿಕೊಂಡಿರುತ್ತದೆ. ಎರಡು ಪೊರೆಗಳು ಹತ್ತಿರ ಬಂದಷ್ಟೂ ನಡುವಿನ ಆ ನೀರು ಅವನ್ನು ದೂರ ತಳ್ಳುತ್ತದೆ. ಇದು ಒಳ್ಳೆಯದೇ. ಇಲ್ಲದಿದ್ದರೆ ಕೋಶದೊಳಗಿನ ಎಲ್ಲ ಚೀಲಗಳೂ ಒಂದಕ್ಕೊಂದು ಅಂಟಿ, ಕಟ್ಟಿಟ್ಟದ್ದೆಲ್ಲ ಕಲಸಿಹೋಗುತ್ತಿತ್ತು. ಹಾಗಾದರೆ ಬೇಕಾದಾಗ, ಬೇಕಾದ ಕಡೆ ಮಾತ್ರ ಬೆಸೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಅರ್ಧ ಶತಮಾನವೇ ಹಿಡಿಯಿತು.

ಸರಕು ಚೀಲ ಸೇರುವ ದಾರಿಯನ್ನು ಮೊದಲು ಗುರುತಿಸಿದವರು ಜಾರ್ಜ್ ಪಲಾಡೆ. ಗಿನಿಯಿಲಿಯ ಮೇದೋಜ್ಜೀರಕದ ಚೂರುಗಳಿಗೆ ಪ್ರೋಟೀನ್ ಕಟ್ಟಲು ಬೇಕಾಗುವ ಅಮೈನೋ ಆಮ್ಲವನ್ನು, ವಿಕಿರಣ ಸೂಸುವ ರೂಪದಲ್ಲಿ, ಮೂರು ನಿಮಿಷ ಉಣಿಸಿ, ಆಮೇಲೆ ಅದು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಅವರ ತಂಡ ಹಿಂಬಾಲಿಸಿತು. ಮೊದಲು ಪ್ರೋಟೀನ್ ತಯಾರಾಗುವ ಒಳಜಾಲದಲ್ಲಿ, ಸ್ವಲ್ಪ ಹೊತ್ತಿಗೆ ಗಾಲ್ಗಿ ಎಂಬ ಪದರಗಳ ಅಟ್ಟಿಯಲ್ಲಿ, ಸುಮಾರು ಎರಡು ಗಂಟೆಯ ಹೊತ್ತಿಗೆ ಹೊರಪೊರೆಯ ಬಳಿಯ ದಟ್ಟ ಚೀಲಗಳಲ್ಲಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಒಣಗಿಸುವ ಕಣಕ್ಕೆ, ಕಣದಿಂದ ಗೋದಾಮಿಗೆ ಕಾಫಿ ಸಾಗುವಂತೆ ಪ್ರತಿ ಹಂತದಲ್ಲೂ ಪ್ರೋಟೀನ್ ಹದಗೊಳ್ಳುತ್ತದೆ. ಈ ಬಗೆಯ ಕೆಲಸಕ್ಕಾಗಿ 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು.

ಚೀಲಕ್ಕೆ ಬಿದ್ದ ಮೇಲೆ ಸರಕು ಒತ್ತೊತ್ತಾಗುತ್ತದೆ. ಪೊರೆಯಲ್ಲಿರುವ ಪಂಪು ಚೀಲದೊಳಗೆ ಹುಳಿಯನ್ನು ತುಂಬುತ್ತದೆ, ಒಳಗಿನ ಕಿಣ್ವಗಳು ಸರಕನ್ನು ಕತ್ತರಿಸಿ ಅಂತಿಮ ರೂಪ ಕೊಡುತ್ತವೆ. ಇನ್ಸುಲಿನ್ ಹೀಗೆಯೇ ಸಿದ್ಧವಾಗುತ್ತದೆ. ಉದ್ದನೆಯ ಪ್ರೋಇನ್ಸುಲಿನ್ ಸರಪಳಿಯ ನಡುವಿನ ತುಂಡನ್ನು ಚೀಲದೊಳಗೇ ಕತ್ತರಿಸಿ ತೆಗೆಯಲಾಗುತ್ತದೆ. ಉಳಿದ ಇನ್ಸುಲಿನ್ ಆರಾರು ಅಣುಗಳ ಗುಂಪಾಗಿ, ಸತುವಿನ ಜೊತೆ ಸೇರಿ, ಹರಳುಗಟ್ಟುತ್ತದೆ. ಕತ್ತರಿಸಿದ ತುಂಡಿನ ಹೆಸರು ಸಿ-ಪೆಪ್ಟೈಡ್. ಅದೂ ಇನ್ಸುಲಿನ್ ಜೊತೆಗೆ ಸಮಸಮನಾಗಿ ರಕ್ತಕ್ಕೆ ಬೀಳುವುದರಿಂದ, ರೋಗಿಯ ದೇಹ ಸ್ವಂತ ಇನ್ಸುಲಿನ್ ಎಷ್ಟು ತಯಾರಿಸುತ್ತಿದೆ ಎಂದು ತಿಳಿಯಲು ವೈದ್ಯರು ಅದನ್ನೇ ಅಳೆಯುತ್ತಾರೆ.

ಇನ್ನು ಕಾಯುವ ಘಟ್ಟ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಕೊಡಗಿನಲ್ಲಿ ಬೆಳೆದವರಿಗೆ ಇದನ್ನು ಅರ್ಥಮಾಡಿಸಲು ಹೂಮಳೆಯ ಮಾತೊಂದು ಸಾಕು. ಫೆಬ್ರವರಿಯಲ್ಲಿ ಕಾಫಿಯ ಮೊಗ್ಗುಗಳು ಬೆಳೆದು ಸಿದ್ಧವಾಗಿರುತ್ತವೆ, ಆದರೆ ಅರಳುವುದಿಲ್ಲ. ಬಿಸಿಲಿನಲ್ಲಿ ಹಾಗೆಯೇ ತಡೆದು ನಿಂತಿರುತ್ತವೆ. ಒಂದು ಹದವಾದ ಮಳೆ ಬಿದ್ದರೆ ಸಾಕು, ವಾರ ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬಿಳಿ. ಮಳೆ ಹೂವನ್ನು ತಯಾರಿಸಲಿಲ್ಲ. ತಯಾರಾಗಿದ್ದಕ್ಕೆ ಅನುಮತಿ ಕೊಟ್ಟಿತು, ಅಷ್ಟೇ.

ಕಿರುಚೀಲಕ್ಕೆ ಆ ಮಳೆ ಎಂದರೆ ಕ್ಯಾಲ್ಸಿಯಂ. ಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಕೋಶ ಶಕ್ತಿ ವ್ಯಯಿಸಿ ಅದನ್ನು ಸದಾ ಹೊರಗೆ ತಳ್ಳುತ್ತಲೇ ಇರುತ್ತದೆ. ಒಳಗೆ ಅಷ್ಟು ಒಣಗಿಸಿ ಇಟ್ಟಿರುವುದರಿಂದಲೇ ಒಂದು ಬಾಗಿಲು ಕ್ಷಣಕಾಲ ತೆರೆದು ತುಸು ಕ್ಯಾಲ್ಸಿಯಂ ನುಗ್ಗಿದರೂ ಅದು ದೊಡ್ಡ ಸುದ್ದಿಯಾಗುತ್ತದೆ.

ಆ ಸುದ್ದಿ ಬರುವ ಮೊದಲೇ ಬಾಗಿಲ ಬಳಿ ಎಲ್ಲ ಸಜ್ಜಾಗಿರುತ್ತದೆ. ಚೀಲದ ಪೊರೆಯಿಂದ ಒಂದು ಪ್ರೋಟೀನ್ ಎಳೆ ಹೊರಚಾಚಿರುತ್ತದೆ, ಅದರ ಹೆಸರು ಸಿನಾಪ್ಟೊಬ್ರೆವಿನ್. ಹೊರಪೊರೆಯಲ್ಲಿ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಇನ್ನೆರಡು ಕಾದಿರುತ್ತವೆ. ಮೂರಕ್ಕೂ ಸೇರಿ ಸ್ನೇರ್ ಎನ್ನುತ್ತಾರೆ. ಹಗ್ಗ ಹೊಸೆಯುವವರು ಎಳೆಗಳ ತುದಿಯನ್ನು ಹಿಡಿದು ಹುರಿ ಹಾಕುತ್ತಾ ಬಂದಂತೆ ಈ ಎಳೆಗಳು ದೂರದ ತುದಿಯಿಂದ ಪೊರೆಯ ಕಡೆಗೆ ಒಂದಕ್ಕೊಂದು ಸುತ್ತಿಕೊಳ್ಳುತ್ತಾ ಬರುತ್ತವೆ. ಹುರಿ ಬಿಗಿಯಾದಷ್ಟೂ ಎರಡು ಪೊರೆಗಳು ಹತ್ತಿರ ಬರುತ್ತವೆ. ಇನ್ನೇನು ಬೆಸೆಯಬೇಕು ಎನ್ನುವಷ್ಟರಲ್ಲಿ ಹುರಿ ತಡೆದು ನಿಲ್ಲುತ್ತದೆ. ಪಕ್ಕದಲ್ಲಿ ಸಿನಾಪ್ಟೊಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಕ್ಯಾಲ್ಸಿಯಂನ ದಾರಿ ಕಾಯುತ್ತಿರುತ್ತದೆ. ಕ್ಯಾಲ್ಸಿಯಂ ಬಂದು ಅದಕ್ಕೆ ಅಂಟಿದ ಕೂಡಲೇ ತಡೆ ತೆರವಾಗುತ್ತದೆ, ಕೊನೆಯ ಸುತ್ತು ಬೀಳುತ್ತದೆ, ನಡುವಿನ ನೀರು ಪಕ್ಕಕ್ಕೆ ಸರಿದು ಎರಡು ಪೊರೆ ಒಂದಾಗುತ್ತವೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಬಂದದ್ದಕ್ಕೂ ಸರಕು ಹೊರಬಿದ್ದದ್ದಕ್ಕೂ ನಡುವಿನ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಎಲ್ಲವನ್ನೂ ಮೊದಲೇ ಮುಗಿಸಿಟ್ಟು ಕೊನೆಯ ಸುತ್ತೊಂದನ್ನು ಮಾತ್ರ ಬಾಕಿ ಇಟ್ಟುಕೊಂಡಿರುವುದರಿಂದ ಈ ವೇಗ. ಕಣಜ ಕುಟುಕಿದ ಕೈಯನ್ನು ಆ ಅಕ್ಕ ಯೋಚಿಸುವ ಮೊದಲೇ ಕೊಡವಿದ್ದರಲ್ಲ, ಆ ಕೊಡವುವಿಕೆಗೆ ಬೆನ್ನುಹುರಿಯಲ್ಲೂ ಸ್ನಾಯುವಿನ ಬಳಿಯೂ ಇಂಥ ಎಷ್ಟೋ ಚೀಲಗಳು ತೆರೆದುಕೊಂಡಿದ್ದವು.

ಕಣಜದ ವಿಷ ಮಾಡುವ ಮೋಸ ಈಗ ಹೇಳಬಹುದು. ಸಾಮಾನ್ಯವಾಗಿ ಮಾಸ್ಟ್ ಕೋಶ ತೆರೆಯಲು ಅದರ ಮೈಮೇಲಿರುವ ಐಜಿಇ ಎಂಬ ಪ್ರತಿಕಾಯಗಳಿಗೆ ಹೊರಗಿನ ವಸ್ತುವೊಂದು ಬಂದು ಸಿಕ್ಕಿಕೊಳ್ಳಬೇಕು. ಅಲರ್ಜಿ ಎನ್ನುವುದು ಇದನ್ನೇ. ಆದರೆ ಕಣಜದ ವಿಷದಲ್ಲಿ ಮಾಸ್ಟೊಪರಾನ್ ಎಂಬ, ಬರೀ 14 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಇದೆ. ಅದು ಪ್ರತಿಕಾಯಗಳನ್ನು ಕೇಳುವುದೇ ಇಲ್ಲ, ನೇರವಾಗಿ ಕೋಶದ ಒಳಗಿನ ಸಂದೇಶದ ವ್ಯವಸ್ಥೆಯನ್ನೇ ಕೆರಳಿಸುತ್ತದೆ. ಮಳೆ ಬಾರದ ವರ್ಷ ನಾವು ಸ್ಪ್ರಿಂಕ್ಲರ್ ಹಾಕಿ ಮೊಗ್ಗು ಅರಳಿಸುತ್ತೇವಲ್ಲ, ಹಾಗೆ. ಮೊಗ್ಗಿಗೆ ಮಳೆಯ ನೀರು ಯಾವುದು, ಕೆರೆಯ ನೀರು ಯಾವುದು ಎಂಬ ಭೇದವಿಲ್ಲ. ಆದ್ದರಿಂದ ಅಲರ್ಜಿ ಇಲ್ಲದವರ ಕೈಯೂ ಊದುತ್ತದೆ. ಅಲರ್ಜಿ ಇದ್ದವರಲ್ಲಿ ಮಾತ್ರ ಮೈಯ ತುಂಬ ಮಾಸ್ಟ್ ಕೋಶಗಳು ಏಕಕಾಲಕ್ಕೆ ತೆರೆದುಕೊಳ್ಳಬಹುದು. ಕುಟುಕಿದ ಜಾಗ ಬಿಟ್ಟು ತುಟಿ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಂದರೆ ಸುಣ್ಣ ಹಚ್ಚಿ ಕುಳಿತಿರಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ನಮ್ಮ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಆ ಅಡ್ರಿನಲಿನ್ನನ್ನು ಕಟ್ಟಿಟ್ಟುಕೊಂಡಿರುವುದೂ ಕಿರುಚೀಲಗಳಲ್ಲೇ.

ಚೀಲದ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕಾಫಿಯ ದರ ಹೇಳುವುದು 50 ಕೆಜಿಯ ಚೀಲಕ್ಕೆ. ಗೋದಾಮಿನಿಂದ ಹೊರಟರೆ ಚೀಲ ಹೊರಡುತ್ತದೆ, ಇಷ್ಟು ಹಿಡಿ, ಅಷ್ಟು ಬೊಗಸೆ ಎಂಬ ಲೆಕ್ಕವಿಲ್ಲ. ನರವೂ ಹಾಗೆಯೇ ವ್ಯವಹರಿಸುತ್ತದೆ ಎಂದು ಕಂಡುಕೊಂಡವರು ಬರ್ನಾರ್ಡ್ ಕಾಟ್ಜ್. 1950ರ ದಶಕದ ಆರಂಭದಲ್ಲಿ ಅವರೂ ಜೊತೆಗಾರರೂ ಕಪ್ಪೆಯ ಸ್ನಾಯುವಿನಲ್ಲಿ ವಿದ್ಯುತ್ ಅಳೆಯುತ್ತಿದ್ದರು. ನರ ಸುಮ್ಮನಿದ್ದಾಗಲೂ ಆಗೊಮ್ಮೆ ಈಗೊಮ್ಮೆ ಅರ್ಧ ಮಿಲಿವೋಲ್ಟ್‌ನಷ್ಟು ಪುಟ್ಟ ಮಿಡಿತ ಕಾಣಿಸುತ್ತಿತ್ತು. ಕ್ಯಾಲ್ಸಿಯಂ ಕಡಿಮೆ ಮಾಡಿ ನರವನ್ನು ಕೆರಳಿಸಿದಾಗ ಬಂದ ಪ್ರತಿಕ್ರಿಯೆ ಆ ಪುಟ್ಟ ಮಿಡಿತದ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು ಇರುತ್ತಿತ್ತು. ಒಂದೂವರೆ ಪಟ್ಟು ಎಂಬುದು ಇರಲಿಲ್ಲ. ಅಂದರೆ ನರದ ಸಂದೇಶವನ್ನು ಸ್ನಾಯುವಿಗೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ನರವಾಹಕ ಹನಿಹನಿಯಾಗಿ ಸೋರುತ್ತಿಲ್ಲ, ಸಾವಿರಾರು ಅಣುಗಳ ಒಂದೊಂದು ಮೂಟೆಯಾಗಿ ಬೀಳುತ್ತಿದೆ. ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನರದ ತುದಿಯಲ್ಲಿ ಒತ್ತಾಗಿ ಪೇರಿಸಿಟ್ಟ ಉರುಟು ಚೀಲಗಳನ್ನು ತೋರಿಸಿಕೊಟ್ಟಿತು. ಕಾಣದ ಚೀಲವನ್ನು ಬರೀ ಲೆಕ್ಕದಿಂದ ಕಂಡ ಈ ಕೆಲಸ ನನಗೆ ಜೀವಶಾಸ್ತ್ರದಲ್ಲೇ ಅತ್ಯಂತ ಪ್ರಿಯವಾದದ್ದು. 1970ರಲ್ಲಿ ಕಾಟ್ಜ್ ಅವರಿಗೆ ನೊಬೆಲ್ ಬಂತು.

ಚೀಲ ಸಾಗಿಸುವ ಯಂತ್ರದ ಬಿಡಿಭಾಗಗಳನ್ನು ಹುಡುಕಿಕೊಟ್ಟದ್ದು ಯೀಸ್ಟ್. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಮನೆಯ ವೈನ್ ಹುದುಗಿಸುವ ಅದೇ ಯೀಸ್ಟ್. ಅಮೆರಿಕದ ಬರ್ಕ್‌ಲಿಯಲ್ಲಿ ರ‍್ಯಾಂಡಿ ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೋವಿಕ್ ಹಿಡಿದ ದಾರಿ ಹೀಗಿತ್ತು. ಯೀಸ್ಟ್‌ನ ಯಾವುದಾದರೂ ಒಂದು ಜೀನ್ ಕೆಟ್ಟು ಚೀಲಗಳು ಹೊರಗೆ ತೆರೆಯದೆ ಹೋದರೆ ಕೋಶದೊಳಗೆ ಸರಕು ಪೇರುತ್ತಲೇ ಹೋಗುತ್ತದೆ, ಆದರೆ ಕೋಶ ಹಿಗ್ಗುವುದಿಲ್ಲ, ಏಕೆಂದರೆ ಹೊರಪೊರೆ ಬೆಳೆಯಲು ಬೇಕಾದ ಪೊರೆಯೂ ಆ ಚೀಲಗಳಿಂದಲೇ ಬರಬೇಕು. ಹಾಗಾಗಿ ಅಂಥ ಕೋಶ ಉಳಿದವುಗಳಿಗಿಂತ ದಟ್ಟವಾಗುತ್ತದೆ. ಕೊಯ್ದ ಹಣ್ಣನ್ನು ನೀರಿನ ತೊಟ್ಟಿಗೆ ಹಾಕಿ ಜೊಳ್ಳು ತೇಲಿಸಿ, ಗಟ್ಟಿ ಹಣ್ಣು ಮುಳುಗಿಸಿ ಬೇರೆ ಮಾಡುತ್ತೇವಲ್ಲ, ಅವರೂ ಅದನ್ನೇ ಮಾಡಿದರು. ದಟ್ಟಣೆ ಹೆಚ್ಚಿಸಿದ ದ್ರವದಲ್ಲಿ ಕೆಳಗೆ ಇಳಿದ ಯೀಸ್ಟ್‌ಗಳನ್ನು ಆರಿಸಿಕೊಂಡರು. 1980ರ ಹೊತ್ತಿಗೆ ಈ ಸಾಗಣೆಗೆ ಬೇಕಾದ 23 ಜೀನ್‌ಗಳು ಅವರ ಕೈಯಲ್ಲಿದ್ದವು. ಜೇಮ್ಸ್ ರಾತ್‌ಮನ್ ಸ್ನೇರ್‌ಗಳನ್ನು 1993ರಲ್ಲಿ ದನದ ಮೆದುಳಿನಿಂದ ಬಿಡಿಸಿ ತೆಗೆದರು, ಥಾಮಸ್ ಸುಡಾಫ್ ಕ್ಯಾಲ್ಸಿಯಂ ಕಾಯುವ ಸಿನಾಪ್ಟೊಟ್ಯಾಗ್ಮಿನ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಈ ಮೂವರಿಗೂ 2013ರಲ್ಲಿ ನೊಬೆಲ್ ಬಂತು.

ಈ ಕಥೆಯಲ್ಲಿ ನಮ್ಮ ದೇಶದವರ ಪಾಲೂ ಇದೆ, ಪಠ್ಯಪುಸ್ತಕಗಳು ಅದನ್ನು ಹೇಳುವುದಿಲ್ಲ ಎಂಬ ಬೇಸರ ನನಗಿದೆ. ಒಬೈದ್ ಸಿದ್ದಿಕಿ ಮತ್ತು ಸೆಮೂರ್ ಬೆಂಜರ್ 1976ರಲ್ಲಿ ಒಂದು ಬಗೆಯ ಹಣ್ಣುನೊಣವನ್ನು ವಿವರಿಸಿದರು. ಬಿಸಿ ಏರಿಸಿದರೆ ಅದು ಮೂರ್ಛೆ ಹೋದಂತೆ ಬೀಳುತ್ತಿತ್ತು, ತಣಿಸಿದ ಮೇಲೂ ಬಹಳ ನಿಧಾನವಾಗಿ ಏಳುತ್ತಿತ್ತು. ಅದಕ್ಕೆ ಕೋಮಟೋಸ್ ಎಂದು ಹೆಸರಿಟ್ಟರು. ಕಾರಣ ಸಿಕ್ಕದ್ದು ಎಷ್ಟೋ ವರ್ಷಗಳ ನಂತರ. ಆ ನೊಣದಲ್ಲಿ ಕೆಟ್ಟಿದ್ದದ್ದು ಎನ್‌ಎಸ್‌ಎಫ್ ಎಂಬ ಪ್ರೋಟೀನಿನ ಜೀನ್. ಬೆಸೆದು ಮುಗಿದ ಮೇಲೆ ಸ್ನೇರ್‌ಗಳ ಹುರಿಯನ್ನು ಬಿಚ್ಚಿ ಮತ್ತೆ ಬಳಕೆಗೆ ಅಣಿಮಾಡುವುದು ಅದರ ಕೆಲಸ. ರಾತ್‌ಮನ್ ಸ್ನೇರ್‌ಗಳನ್ನು ಹಿಡಿದದ್ದು ಇದೇ ಪ್ರೋಟೀನಿನ ಜಾಡಿನಲ್ಲಿ. ಹುರಿ ಬಿಚ್ಚದಿದ್ದರೆ ಮುಂದಿನ ಚೀಲಕ್ಕೆ ಎಳೆಗಳೇ ಉಳಿಯುವುದಿಲ್ಲ, ನೊಣ ಬೀಳುತ್ತದೆ. ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು.

ಹುರಿಯ ಎಳೆ ಕತ್ತರಿಸಿದರೆ ಏನಾಗುತ್ತದೆ ಎಂಬುದು ತೋಟದವರಿಗೆ ಬೇರೆ ಹೆಸರಿನಲ್ಲಿ ಗೊತ್ತು. ಕತ್ತಿ ತಾಗಿ ಗಾಯವಾದರೆ, ಮುಳ್ಳು ಹೊಕ್ಕರೆ, ನಾವು ಧನುರ್ವಾಯುವಿನ ಚುಚ್ಚುಮದ್ದಿಗೆ ಓಡುತ್ತೇವೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಿಷ ಗಾಯದಿಂದ ನರದ ದಾರಿ ಹಿಡಿದು ಬೆನ್ನುಹುರಿ ಸೇರುತ್ತದೆ. ಸ್ನಾಯುವನ್ನು ಸಡಿಲಗೊಳಿಸಲು ಹೇಳುವ ನರಗಳನ್ನು ಹೊಕ್ಕು, ಅಲ್ಲಿ ಸಿನಾಪ್ಟೊಬ್ರೆವಿನ್ ಎಳೆಯನ್ನು ಕತ್ತರಿಸುತ್ತದೆ. ಸಡಿಲವಾಗು ಎಂಬ ಮಾತು ಚೀಲದಲ್ಲೇ ಉಳಿಯುತ್ತದೆ, ದೇಹ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಇನ್ನೊಂದು ಬ್ಯಾಕ್ಟೀರಿಯಾ ಬಾಟ್ಯುಲಿನಮ್ ವಿಷವನ್ನು ತಯಾರಿಸುತ್ತದೆ. ಅದರ ಬಿ ಎಂಬ ಬಗೆ ಅದೇ ಸಿನಾಪ್ಟೊಬ್ರೆವಿನ್ನನ್ನು, ಅಷ್ಟೇ ಅಲ್ಲ, ಎಳೆಯ ಅದೇ ಜಾಗದಲ್ಲಿ, ಅದೇ ಎರಡು ಅಮೈನೋ ಆಮ್ಲಗಳ ನಡುವೆಯೇ ಕತ್ತರಿಸುತ್ತದೆ. ಆದರೆ ಅದು ಕೆಲಸ ಮಾಡುವುದು ಸ್ನಾಯುವಿನ ಪಕ್ಕದಲ್ಲಿ, ಬಿಗಿಯಾಗು ಎಂದು ಹೇಳುವ ನರದ ತುದಿಯಲ್ಲಿ. ಹಾಗಾಗಿ ದೇಹ ಬಟ್ಟೆಯಂತೆ ಜೋಲುತ್ತದೆ. ಒಂದೇ ಎಳೆ, ಒಂದೇ ಕತ್ತರಿ, ಜಾಗ ಮಾತ್ರ ಬೇರೆ, ರೋಗ ತದ್ವಿರುದ್ಧ. 1992ರಲ್ಲಿ ಇದು ಪ್ರಕಟವಾದಾಗ ಸಿನಾಪ್ಟೊಬ್ರೆವಿನ್ ಇಲ್ಲದೆ ನರದ ಚೀಲ ತೆರೆಯುವುದಿಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಂತಾಯಿತು.

ನಮ್ಮ ಮನೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಮಾವನವರು ಬೆಳಗಿನ ತಿಂಡಿಗೆ ಮೊದಲು ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ಇನ್ಸುಲಿನ್ ತಯಾರಿಸುವ ಒಂದು ಬೀಟಾ ಕೋಶದಲ್ಲಿ ಸುಮಾರು 10,000 ಕಿರುಚೀಲಗಳಿರುತ್ತವೆ, ಆದರೆ ಹೊರಪೊರೆಗೆ ತಾಗಿ ಸಜ್ಜಾಗಿ ನಿಂತವು ಅವುಗಳಲ್ಲಿ ಸ್ವಲ್ಪವೇ. ನೂಲ್‌ಪುಟ್ಟು ತಿಂದು ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಬೀಟಾ ಕೋಶದೊಳಗೆ ಹೋಗಿ ಉರಿಯುತ್ತದೆ. ಹಾಗೆ ಹುಟ್ಟಿದ ಶಕ್ತಿಯ ಅಣು ಎಟಿಪಿ ಪೊಟ್ಯಾಸಿಯಂನ ಬಾಗಿಲನ್ನು ಮುಚ್ಚಿಸುತ್ತದೆ, ಪೊರೆಯ ವಿದ್ಯುತ್ ಬದಲಾಗುತ್ತದೆ, ಕ್ಯಾಲ್ಸಿಯಂನ ಬಾಗಿಲು ತೆರೆಯುತ್ತದೆ. ಮೊದಲ ಕೆಲವು ನಿಮಿಷ ಸಜ್ಜಾಗಿ ನಿಂತ ಚೀಲಗಳು ಸುರಿಯುತ್ತವೆ, ಆಮೇಲೆ ಹಿಂದಿನವು ನಿಧಾನವಾಗಿ ಮುಂದೆ ಬಂದು ತೆರೆಯುತ್ತವೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಬೇಗನೆ ಕುಂದುವುದು ಆ ಮೊದಲ ಸುರಿತವೇ. ಮಾವನವರ ಮಾತ್ರೆ ಆ ಪೊಟ್ಯಾಸಿಯಂ ಬಾಗಿಲನ್ನೇ ನೇರವಾಗಿ ಮುಚ್ಚಿಸುತ್ತದೆ. ಸಕ್ಕರೆ ಏರಿದ್ದರೂ ಏರದಿದ್ದರೂ ಅದು ಮುಚ್ಚಿಸುವುದರಿಂದಲೇ, ಮಾತ್ರೆ ನುಂಗಿ ತಿಂಡಿ ತಿನ್ನದೆ ತೋಟಕ್ಕೆ ಹೊರಡಬೇಡಿ ಎಂದು ನಾವು ಅವರ ಹಿಂದೆ ಬೀಳುವುದು. ಮಾತ್ರೆಯಲ್ಲಿ ಇನ್ಸುಲಿನ್ ಇಲ್ಲ. ಕಟ್ಟಿಟ್ಟದ್ದು ಇದ್ದರಷ್ಟೇ ಅದು ಕೆಲಸ ಮಾಡುತ್ತದೆ.

ತೆರೆದ ಚೀಲದ ಪೊರೆ ಏನಾಗುತ್ತದೆ? ಹೊರಪೊರೆಯಲ್ಲಿ ಸೇರಿಹೋಗುತ್ತದೆ. ಹಾಗೆಯೇ ಬಿಟ್ಟರೆ ಕೋಶ ದೊಡ್ಡದಾಗುತ್ತಲೇ ಹೋಗಬೇಕಲ್ಲ. ಆದ್ದರಿಂದ ಕಾಫಿ ಇಳಿಸಿ ಖಾಲಿ ಗೋಣಿಚೀಲ ಮಡಚಿ ತರುವಂತೆ ಕೋಶ ಅಷ್ಟೇ ಪೊರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕ್ಲಾತ್ರಿನ್ ಎಂಬ ಮೂರು ಕಾಲಿನ ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಐದು ಮೂಲೆ, ಆರು ಮೂಲೆಯ ಕಣ್ಣುಗಳಿರುವ ಬುಟ್ಟಿಯಾಗಿ ಪೊರೆಯನ್ನು ಒಳಕ್ಕೆ ಬಾಗಿಸುತ್ತವೆ, ಡೈನಮಿನ್ ಎಂಬ ಇನ್ನೊಂದು ಪ್ರೋಟೀನ್ ಕತ್ತು ಹಿಸುಕಿ ಬಿಡಿಸುತ್ತದೆ.

ಕೆಲವೆಡೆ ಮಾತ್ರ ಚೀಲದ ಪೊರೆಯನ್ನೆಲ್ಲ ಹಿಂದಕ್ಕೆ ತರುವುದಿಲ್ಲ, ಏಕೆಂದರೆ ಚೀಲವೇ ಕಟ್ಟಡದ ಸಾಮಗ್ರಿ. ಹೂಮಳೆಯಾಗಿ ತೋಟ ಬೆಳ್ಳಗಾದ ಬೆಳಿಗ್ಗೆ ತುಡುವೆ ಜೇನು ಹೂವಿನಿಂದ ಹೂವಿಗೆ ಹಾರುತ್ತಿರುತ್ತದೆ. ರೊಬಸ್ಟಾಕ್ಕೆ ತನ್ನದೇ ಪರಾಗ ಆಗದು, ಬೇರೆ ಗಿಡದ್ದೇ ಬೇಕು. ಹೂವಿನ ಶಲಾಕೆಯ ತುದಿಗೆ ಬಿದ್ದ ಪರಾಗದ ಕಣ ಒಂದು ಸಪೂರ ನಳಿಗೆಯನ್ನು ಕೆಳಕ್ಕೆ, ಅಂಡಾಶಯದ ಕಡೆಗೆ ಚಾಚುತ್ತದೆ. ಆ ನಳಿಗೆ ಬೆಳೆಯುವುದು ತುದಿಯಲ್ಲಿ ಮಾತ್ರ. ತುದಿಯ ತುಂಬ ಕಿರುಚೀಲಗಳು ಕಿಕ್ಕಿರಿದಿರುತ್ತವೆ. ಒಂದೊಂದೂ ಹೋಗಿ ಬೆಸೆದಾಗ ಅದರ ಪೊರೆ ನಳಿಗೆಯ ಪೊರೆಯಾಗುತ್ತದೆ, ಒಳಗಿದ್ದ ಪೆಕ್ಟಿನ್ ಹೊಸ ಗೋಡೆಯಾಗುತ್ತದೆ. ಇಲ್ಲೂ ತುದಿಯಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುತ್ತದೆ. ಪಲ್ಪರ್‌ನಿಂದ ಹೊರಬಿದ್ದ ಬೀಜದ ಮೇಲೆ ಕೈಗೆ ಅಂಟುವ ಲೋಳೆ ಇರುತ್ತದೆಯಲ್ಲ, ಅದರಲ್ಲೂ ಇದೇ ಪೆಕ್ಟಿನ್ ಹೇರಳ. ಆ ನಳಿಗೆ ಮುಟ್ಟಿದರಷ್ಟೇ ಮುಂದಿನ ಜನವರಿಗೆ ಹಣ್ಣು.

ಮೂರನೆಯ ದಿನ ಆ ಅಕ್ಕ ಮತ್ತೆ ಕೆಲಸಕ್ಕೆ ಬಂದರು. ಊತ ಇಳಿದು ಬಳೆ ಸಡಿಲವಾಗಿತ್ತು, ಚುಕ್ಕೆಯ ಸುತ್ತ ತುರಿಕೆ ಉಳಿದಿತ್ತು. ಅವರ ಪ್ರಶ್ನೆಗೆ ನಾನು ಅಂದು ಪೂರ್ತಿ ಉತ್ತರಿಸಿರಲಿಲ್ಲ. ಊದಿಸಿದ್ದು ಹೆಚ್ಚಾಗಿ ನಿಮ್ಮ ಕೈಯೊಳಗೇ ಕಟ್ಟಿಟ್ಟಿದ್ದ ಸರಕು, ಹುಳ ಬಂದು ಅದನ್ನು ಬಿಚ್ಚಿಸಿತು ಎಂದೆ. ಅವರು ಕೈಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿಕೊಂಡರು.

“ಹಾಗಾದರೆ ಈಗ ಅದು ಖಾಲಿಯೇ?”

“ಕುಟುಕಿದ ಜಾಗದ ಸುತ್ತ ಖಾಲಿ. ಆದರೆ ಆ ಕೋಶಗಳು ಸತ್ತಿಲ್ಲ ಅಕ್ಕ. ಮತ್ತೆ ತಯಾರಿಸಿ ತುಂಬಿಕೊಳ್ಳುತ್ತಿವೆ. ಪೂರ್ತಿ ತುಂಬಲು ದಿನಗಳು, ವಾರಗಳೇ ಹಿಡಿಯಬಹುದು.”

ಅವರು ತಲೆಯಾಡಿಸಿ, ಟಾರ್ಪಾಲು ಎಳೆದುಕೊಂಡು ಮುಂದಿನ ಗಿಡದ ಬುಡಕ್ಕೆ ಹೋದರು. ಕೊಂಬೆ ಬಾಗಿಸುವ ಮೊದಲು ಎಲೆಗಳನ್ನು ಒಂದೊಂದಾಗಿ ಎತ್ತಿ ಅಡಿಯನ್ನು ನೋಡಿದರು.